ಡ್ರಮ್ಮಿನ ಮೇಲಿನ ರೊಟ್ಟಿ

ಶಹಾಬಾದಿನಲ್ಲಿ ಮನೆ ಕಟ್ಟುವವರಿಗೆ ಕಲ್ಲಿಗೇನೂ ಬರವಿಲ್ಲ. ಅಬ್ದುಲ್ ಗನಿಸಾಬರ ಮನೆಯಲ್ಲಂತೂ ನೆಲಕ್ಕೆ ಫರಸಿ ಕಲ್ಲು, ಗೋಡೆಗೆ ಫರಸಿ, ಮಾಳಿಗೆಗೆ ಫರಸಿ. ಉಪ್ಪಿನಕಾಯಿ ಭರಣಿಯ ಬಾಯಿಗೆ ಮುಚ್ಚಿದ್ದೂ ಫರಸಿಯ ಒಂದು ತುಂಡೇ. ಇಂಥ ಮನೆಯೊಳಗೆ ಒಂದು ಚಮಚ ಬಿದ್ದರೆ ಬೀದಿಯಲ್ಲಿ ಹೋಗುವವನು ತಿರುಗಿ ನೋಡುತ್ತಾನೆ. ಸೀನಿದರೆ ಆ ಸೀನು ಮೂರೂ ಕೋಣೆ ಸುತ್ತಿಕೊಂಡು ಸೀನಿದವನ ಹತ್ತಿರವೇ ವಾಪಸ್ ಬರುತ್ತದೆ. ಬೇರೆಯವರಿಗೆ ಇದು ತಲೆನೋವು. ಗನಿಸಾಬರಿಗೆ ಮಾತ್ರ ಅಲ್ಲಾಹ್ ಕೊಟ್ಟ ಭಾಗ್ಯ.

ಯಾಕೆಂದರೆ ಗನಿಸಾಬರ ಕಿವಿ ಕೈಕೊಟ್ಟು ಬಹಳ ವರ್ಷವಾಗಿತ್ತು. ವಾಡಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕ ನಿಂತವರು ಅವರು. ಸಣ್ಣ ಸದ್ದು, ಚೂಪು ಸದ್ದು, ಪಿಸುಮಾತು, ಇವೆಲ್ಲ ಒಂದೊಂದಾಗಿ ಹೇಳದೆ ಕೇಳದೆ ಊರು ಬಿಟ್ಟಿದ್ದವು. ಉಳಿದದ್ದು ಮೊಳಗುವ ಸದ್ದು ಮಾತ್ರ: ತಪೇಲಿ ಬಿದ್ದ ಠಣ್, ಬಾಗಿಲು ಬಡಿದ ಧಡ್. ಈ ಸಂಗತಿ ತಮಗೊಬ್ಬರಿಗೇ ಗೊತ್ತು ಎಂಬುದು ಅವರ ನಂಬಿಕೆ. ಯಾರಾದರೂ ಮಾತಾಡಿದರೆ ತಲೆಯಾಡಿಸಿ 'ಹೌದಲ್ಲ' ಎನ್ನುವರು. ಈಗಿನ ಜನ ಮಾತು ನುಂಗುತ್ತಾರೆಂದು ದೂರುವರು. ಚಿತ್ತಾಪುರದ ಮದುವೆಯೊಂದರಲ್ಲಿ ಬೀಗರೊಬ್ಬರು ತಮ್ಮ ಎತ್ತು ಸತ್ತ ಸುದ್ದಿ ಹೇಳಿದಾಗ 'ಮಾಶಾಲ್ಲಾ' ಎಂದು ಕೈ ಕುಲುಕಿ ಬಂದಿದ್ದರು. ಆ ಬೀಗರು ಈಗಲೂ ಮಾತು ಬಿಟ್ಟಿದ್ದಾರೆ. ಬಿಟ್ಟದ್ದು ಗನಿಸಾಬರಿಗೆ ಇನ್ನೂ ತಿಳಿದಿಲ್ಲ.

ಕಾರ್ಖಾನೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಅವರದೇ. ಆಗಸ್ಟ್ ಹದಿನೈದಕ್ಕೆ ಮೈದಾನದಲ್ಲಿ ಅವರು ಕಡ್ಡಿ ಎತ್ತಿದರೆ ಕಟ್ಟಕಡೆಯ ಸಾಲಿನ ಕಾಲುಗಳೂ ತಪ್ಪುತ್ತಿರಲಿಲ್ಲ. ಆ ಡ್ರಮ್ಮು ನಿವೃತ್ತಿಯ ದಿನ ಅವರ ಜೊತೆಗೇ ಮನೆಗೆ ಬಂತು. ಬಾರಿಸುವುದನ್ನು ಒಬ್ಬಳೇ ಮಗಳು ಫರಹತಳಿಗೆ ಕಲಿಸಿದರು. ಇಪ್ಪತ್ತೇಳರ ಫರಹತ ಈಗ ವಾಡಿಯ ಶಾಲೆಯೊಂದರಲ್ಲಿ ಮಕ್ಕಳ ಬ್ಯಾಂಡಿಗೆ ಟೀಚರು. ಸಂಜೆ ಅವಳು ಮನೆಯಲ್ಲಿ ಬಾರಿಸಲು ಕೂತರೆ ಡ್ರಮ್ಮಿನ ಠಣ್ ಫರಸಿಯಿಂದ ಫರಸಿಗೆ ಹಾರಿ ಬಂದು ಗನಿಸಾಬರ ಕಿವಿಯೊಳಗೆ ಇಳಿಯುತ್ತಿತ್ತು. ದಿನದಲ್ಲಿ ಅವರು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದದ್ದು ಆ ಒಂದು ಗಂಟೆ ಮಾತ್ರ. ಕೇಳಿಸಿಕೊಂಡು ಸುಮ್ಮನಿರುವ ಪೈಕಿಯೂ ಅಲ್ಲ. ದೊಡ್ಡ ಪೆಟ್ಟಿನ ನಡುವೆ ಹಾಕಬೇಕಾದ ಸಣ್ಣ ಪೆಟ್ಟುಗಳನ್ನು ಮಗಳು ಸೋಮಾರಿತನದಿಂದ ನುಂಗುತ್ತಾಳೆಂದು ಆರು ವರ್ಷದಿಂದ ಬೈಯುತ್ತಲೇ ಬಂದಿದ್ದರು. ಅವಳು ನುಂಗಿಲ್ಲವೆಂದು ಹೇಳಿ ಹೇಳಿ ಸಾಕಾಗಿ, ಈಚೆಗೆ ಬೈಗುಳ ಕೇಳಿ ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳು.

ಹೀಗಿರುವಾಗ ಹೈದರಾಬಾದಿನ ಅಲ್ಮಾಸ್ ಮೇಡಂ ನಡುವೆ ಬಂದರು. ಅವರದೊಂದು ಹೆಣ್ಣುಮಕ್ಕಳದೇ ಬ್ಯಾಂಡು. ಮದುವೆ ಹಾಡುಗಳ ಧ್ವನಿಮುದ್ರಣಕ್ಕೆ ಸೈಡ್ ಡ್ರಮ್ಮಿನವಳು ಬೇಕಾಗಿದ್ದಳು. ಎರಡು ನಿಮಿಷ ಬಾರಿಸಿ, ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಕೈ ಹಿಡಿಸಿದರೆ ಕರೆಸಿಕೊಳ್ಳುತ್ತೇನೆ ಎಂದಿದ್ದರು. ಮಕ್ಕಳ ಎಡಬಲ ತಿದ್ದುತ್ತಲೇ ಮುದುಕಿಯಾಗುತ್ತೇನೆಂದು ಹೆದರಿದ್ದ ಫರಹತ ಅಂದೇ ಸಂಜೆ ಬಾರಿಸಿ ಕಳಿಸಿದಳು. ಮರುದಿನ ಉತ್ತರ ಬಂತು. ಕೈ ಚೆನ್ನಾಗಿದೆ, ಆದರೆ ಬಾವಿಯೊಳಗೆ ಇಳಿದು ಬಾರಿಸಿದಿರಾ ಎಂದು ಮೇಡಂ ಕೇಳಿದ್ದರು. ಪ್ರತಿ ಪೆಟ್ಟಿನ ಹಿಂದೆ ಠಣ್ ಎಂದು ಬಾಲದಂತೆ ಬರುತ್ತಿರುವ ಸದ್ದು ಹೋಗಬೇಕು. ಭಾನುವಾರ ನಾಲ್ಕು ಗಂಟೆಯೊಳಗೆ ಹೊಸದು ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದೂ ಇತ್ತು.

ಫರಹತ ಇದನ್ನು ಅಬ್ಬಾನ ಮುಖದ ಹತ್ತಿರ ಬಂದು ಗಟ್ಟಿಯಾಗಿ ಓದಿ ಹೇಳಿದಳು. ಹೋಗಬೇಕಾದದ್ದು ಠಣ್. ಗನಿಸಾಬರಿಗೆ ಉಳಿದದ್ದೂ ಅದೇ.

ಭಾನುವಾರ ಬೆಳಿಗ್ಗೆಯಿಂದ ನಡುಮನೆ ಗುರುತು ಸಿಗದಂತಾಯಿತು. ಹೆಂಡತಿ ಆಶಾಬಿ ಪೆಟ್ಟಿಗೆಯಲ್ಲಿದ್ದ ರಜಾಯಿ, ಕೌದಿ, ದುಪ್ಪಟಿಗಳನ್ನೆಲ್ಲ ತೆಗೆದು ಮೂರು ಕಡೆ ಹಗ್ಗ ಕಟ್ಟಿ ಇಳಿಬಿಟ್ಟಳು. ಫರಹತ ಉಸುಕು ತುಂಬಿದ ಕೊಡದಲ್ಲಿ ಒಂದು ಬಿದಿರು ಕೋಲು ನೆಟ್ಟು, ಅದರ ತುದಿಗೆ ಶಾಲೆಯಿಂದ ಕೇಳಿ ತಂದಿದ್ದ ಪುಟ್ಟ ಮೈಕನ್ನು ಲಂಗದ ಲಾಡಿಯಿಂದ ಬಿಗಿದಳು. ಮೈಕು ಡ್ರಮ್ಮಿನ ಅಂಚಿನಿಂದ ಎರಡು ಬೆರಳು ಮೇಲೆ, ಮೂತಿ ಮಾತ್ರ ನಡುವಿನ ಕಡೆ ಓರೆಯಾಗಿ. ಇನ್ನಷ್ಟು ಕೆಳಗಿಳಿಸಿದರೆ ಕಡ್ಡಿ ತಾಗುತ್ತದೆ, ಮೇಲೇರಿಸಿದರೆ ಮನೆಯೆಲ್ಲ ಒಳಗೆ ಬರುತ್ತದೆ ಎಂದು ಅವಳು ಅಳೆದೂ ಸುರಿದೂ ಕಟ್ಟಿದ್ದಳು. ಮೈಕಿನ ವಾಯರು ಫೋನಿಗೆ, ಫೋನು ಕೌದಿಯ ಕೆಳಗೆ. ಒತ್ತಿ ನಿಲ್ಲಿಸುವ, ಮತ್ತೆ ಶುರು ಮಾಡುವ ಗೋಜು ಬೇಡವೆಂದು ಫೋನನ್ನು ಅದರ ಪಾಡಿಗೆ ಓಡಲು ಬಿಟ್ಟಳು. ಬೇಕಾದ ಎರಡು ನಿಮಿಷ ಆಮೇಲೆ ಕತ್ತರಿಸಿಕೊಂಡರಾಯಿತು.

ಮನೆಯ ಮೊಳಗು ರಜಾಯಿಗಳಲ್ಲಿ ಅಡಗಿತು. ಆದರೆ ಡ್ರಮ್ಮಿನದೇ ಸ್ವಂತ ಠಣ್ ಒಂದಿತ್ತಲ್ಲ, ಅದು ಜಪ್ಪಯ್ಯ ಅನ್ನಲಿಲ್ಲ. ಮೇಲೆ ಕರವಸ್ತ್ರ ಹಾಸಿದರೆ ಹಾಸಿಗೆಗೆ ಹೊಡೆದಂತಾಗುತ್ತಿತ್ತು. ಗನಿಸಾಬರ ಪಾಕೀಟು ಇಟ್ಟರೆ ನಾಲ್ಕನೇ ಪೆಟ್ಟಿಗೆ ಜಾರಿ ಕೆಳಗೆ ಬೀಳುತ್ತಿತ್ತು. ಗನಿಸಾಬರು ಒಳಗೊಳಗೇ ಹಿಗ್ಗಿದರು. ಡ್ರಮ್ಮು ಅಂದರೆ ಡ್ರಮ್ಮು, ಅದರ ಬಾಯಿಗೆ ಬಟ್ಟೆ ತುರುಕುವುದೆಂದರೇನು ಎಂದು ಮೈದಾನದ ಕಥೆ ತೆಗೆದರು. ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಪಕ್ಕದ ಮನೆ ಲಲಿತಾಬಾಯಿಯದು ರೊಟ್ಟಿ ಕೇಂದ್ರ. ನಾಲ್ಕು ಹೆಣ್ಣುಮಕ್ಕಳು ಬೆಳಗಿನಿಂದ ಬೈಗಿನವರೆಗೆ ಜೋಳದ ರೊಟ್ಟಿ ತಟ್ಟುವ ಪಟಪಟ ಸದ್ದು ಗೋಡೆ ದಾಟಿ ಬರುತ್ತಿತ್ತು. ಸ್ವಲ್ಪ ಹೊತ್ತು ತಟ್ಟಬೇಡಿರೆಂದು ಕೇಳಿಕೊಳ್ಳಲು ಫರಹತ ಹೋದಳು. ಯಾಕೆ ಏನು ಎಂದು ನೋಡಲು ಲಲಿತಾಬಾಯಿ ಹಿಟ್ಟಿನ ಕೈಯಲ್ಲೇ ಅವಳ ಬೆನ್ನು ಹತ್ತಿ ಬಂದಳು. ಮಠದ ಭಜನೆಯಲ್ಲಿ ಪಖವಾಜಿನ ಎಡಮುಖಕ್ಕೆ ದನಿ ತಗ್ಗಲೆಂದು ಕಲಸಿದ ಕಣಕ ಮೆತ್ತುವುದನ್ನು ಚಿಕ್ಕಂದಿನಿಂದ ಕಂಡ ಹೆಂಗಸು ಅವಳು. ಸೊಂಟದ ಮೇಲೆ ಕೈಯಿಟ್ಟು ಡ್ರಮ್ಮನ್ನು ನೋಡಿದಳು. ಸೀದಾ ಮನೆಗೆ ಹೋಗಿ, ಆಗಷ್ಟೇ ಹಂಚಿನಿಂದ ಇಳಿದ ಮೆತ್ತನೆಯ ರೊಟ್ಟಿಯೊಂದನ್ನು ತಂದು, ಅರ್ಧಕ್ಕೆ ಹರಿದು, ಮೈಕಿನ ಎದುರು ಅಂಚಿಗೆ ಮಲಗಿಸಿದಳು.

"ಈಗ ಬಾರ್ಸವ್ವಾ, ನೋಡೂಣು," ಎಂದಳು.

ಫರಹತ ಬಾರಿಸಿದಳು. ಬಾಲವಿಲ್ಲ. ಪೆಟ್ಟು ಬಿದ್ದಲ್ಲೇ ಬಿದ್ದು ಅಲ್ಲೇ ಮುಗಿಯಿತು; ಡ್ರಮ್ಮಿನ ತಳಕ್ಕೆ ಬಿಗಿದ ತಂತಿಗಳ ಚುರುಕು ಸದ್ದು ಒಂದೊಂದಾಗಿ ಬಿಡಿಸಿಟ್ಟಂತೆ ಬಂತು. ಫರಹತ ಕಡ್ಡಿ ಬಿಟ್ಟು ಲಲಿತಾಬಾಯಿಯನ್ನು ತಬ್ಬಿಕೊಂಡಳು. ಆಶಾಬಿ ಕೈಯೆತ್ತಿ ದುವಾ ಮಾಡಿದಳು. ಗನಿಸಾಬರು ಮಾತ್ರ ಮೂಲೆಯ ಮಂಚದ ಮೇಲೆ ಕೂತು ಬೆವರಿದರು. ಮಗಳ ಕೈ ಹಾರಾಡಿದ್ದು ಕಂಡಿತ್ತು. ಕಿವಿಗೆ ಒಂದು ಪೆಟ್ಟೂ ಬಿದ್ದಿರಲಿಲ್ಲ. ಮುಚ್ಚಿದ ಕಿಟಕಿಯ ಗಾಜಿನಾಚೆ ನಿಂತು ಮದುವೆ ನೋಡಿದಂತಾಗಿತ್ತು.

ಮಗಳು ಗೆಲ್ಲಬೇಕೆಂದು ಅವರಿಗೂ ಇತ್ತು, ಸುಳ್ಳಲ್ಲ. ಆದರೆ ಇವತ್ತು ಈ ರೊಟ್ಟಿ ಗೆದ್ದರೆ ನಾಳೆಯಿಂದ ಅವಳು ಹೀಗೇ ಬಾರಿಸುತ್ತಾಳೆ, ತನಗೆ ಸಂಜೆಯ ಒಂದು ಗಂಟೆಯೂ ಹೋಯಿತು ಎಂದು ಅವರಿಗೆ ದಿಗಿಲಾಯಿತು.

ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ವಾಡಿ ಜಂಕ್ಷನ್ ಪಕ್ಕದಲ್ಲೇ ಇಟ್ಟುಕೊಂಡು ಗೂಡ್ಸ್ ಗಾಡಿ ಬರಬೇಡವೆಂದರೆ ಹೇಗೆ. ಐವತ್ತಕ್ಕೂ ಹೆಚ್ಚು ಡಬ್ಬಿ ಸಾವಕಾಶ ದಾಟಿ ಹೋಗುವಷ್ಟರಲ್ಲಿ ರೊಟ್ಟಿ ಆರಿತು. ಆರಿದ ಜೋಳದ ರೊಟ್ಟಿಯ ಗುಣ ಯಾರಿಗೆ ಗೊತ್ತಿಲ್ಲ. ಅಂಚು ಸೆಟೆದು ಮೇಲೆದ್ದು, ಪೆಟ್ಟಿಗೊಮ್ಮೆ ಚರಚರ ಎಂದು ತಾನೂ ಹಾಡತೊಡಗಿತು. ಬಿಸಿ ರೊಟ್ಟಿಯೇ ಬೇಕು, ಅದೂ ಹತ್ತು ನಿಮಿಷದೊಳಗೆ ಮುಗಿಸಬೇಕು ಎಂಬ ಶಾಸ್ತ್ರ ಆಗ ಗೊತ್ತಾಯಿತು. ಲಲಿತಾಬಾಯಿ ಎರಡನೆಯದನ್ನು ತಂದಿಟ್ಟಳು. ತಟ್ಟುವುದನ್ನು ನಿಲ್ಲಿಸಲು ಅವಳು ಮನೆಗೆ ಹೋದಳು, ಬಾಗಿಲಲ್ಲಿ ಕೂಗುತ್ತಿದ್ದ ಕಾಯಿಪಲ್ಲೆಯವನನ್ನು ಮುಂದಕ್ಕೆ ಕಳಿಸಲು ಫರಹತ ಹೋದಳು, ಆಶಾಬಿ ಹಾಲಿನ ಕೆಳಗಿನ ಉರಿ ಆರಿಸಲು ಒಳಗೆ ಹೋದಳು. ರಜಾಯಿಗಳ ನಡುವೆ ಗನಿಸಾಬರು, ಡ್ರಮ್ಮು, ರೊಟ್ಟಿ, ಇಷ್ಟೇ ಉಳಿದವು.

ಫರಹತ ವಾಪಸ್ ಬಂದಾಗ ರೊಟ್ಟಿ ಇರಲಿಲ್ಲ.

ಬೆಕ್ಕು ಬಂದಿತ್ತು ಎಂದರು ಗನಿಸಾಬರು, ಕೇಳುವ ಮೊದಲೇ. ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕನ್ನು ಆಶಾಬಿ ಕಸಬರಿಗೆ ತೋರಿಸಿ ಎಬ್ಬಿಸಿದಳು. ಅದು ಮೈ ಮುರಿದು, ನಿರಪರಾಧಿಯ ಮುಖ ಹೊತ್ತು, ಅಲ್ಲೇ ಎರಡು ಗೇಣು ಸರಿದು ಮಲಗಿತು. ಮೂರನೆಯ ರೊಟ್ಟಿ ಬಂತು. ಈ ಸಲ ಪಕ್ಕದ ಮನೆಯಲ್ಲಿ ನಾಲ್ವರೂ ಹಿಟ್ಟಿನ ಕೈ ಗಾಳಿಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ಕೂತಿದ್ದಾರೆ ಎಂದು ಸುದ್ದಿ ಬಂತು. ಫರಹತ ಅರ್ಧ ನಿಮಿಷ ಬಾರಿಸಿದ್ದಳಷ್ಟೇ, ಕೌದಿಯೊಂದರ ಹಗ್ಗ ಕಳಚಿತು. ಗಟ್ಟಿ ದಾರ ಹುಡುಕುತ್ತ ತಾಯಿ ಮಗಳು ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಮೂರನೆಯದೂ ಇಲ್ಲ.

ಗನಿಸಾಬರು ಆ ಹೊತ್ತಿಗೆ ಮಧ್ಯಾಹ್ನದ ಊಟ ಮುಗಿಸಿದ್ದವರು. ಹೊಟ್ಟಿ ತುಂಬಿದ ಮ್ಯಾಲ ಹುಗ್ಗಿ ಮುಳ್ಳೊತ್ತಿತಂತ ಅನ್ನುತ್ತಾರಲ್ಲ, ಹಾಗೆ ಬರೀ ರೊಟ್ಟಿ, ಪಲ್ಯವಿಲ್ಲ, ನೀರಿಲ್ಲ, ಗಂಟಲಲ್ಲಿ ಅಡ್ಡ ನಿಂತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, ಮತ್ತೆ ಬೆಕ್ಕು ಎಂದರು.

ಆಶಾಬಿ ಈ ಸಲ ಕಸಬರಿಗೆ ಎತ್ತಲಿಲ್ಲ. ಆ ಬೆಕ್ಕು ಸಾರಿನಲ್ಲಿ ಅದ್ದದೆ ಕೊಟ್ಟರೆ ರೊಟ್ಟಿಯನ್ನು ಮೂಸುವುದೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಗಡ್ಡದಲ್ಲಿ ಜೋಳದ ಚೂರೊಂದಿತ್ತು. ಅಷ್ಟರಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ. ಫರಹತಳಿಗೆ ಅಳು ಬರುವಂತಾಗಿತ್ತು. ರೊಟ್ಟಿ ಇದ್ದಾಗ ಬಾರಿಸಿದ್ದರಲ್ಲಿ ಏನಾದರೂ ಕೆಲಸಕ್ಕೆ ಬರುತ್ತದೋ ನೋಡೋಣವೆಂದು ಕೌದಿಯ ಕೆಳಗಿನಿಂದ ಫೋನು ತೆಗೆದಳು. ನಾಲ್ಕನೆಯ ರೊಟ್ಟಿ ಹಿಡಿದು ಬಂದ ಲಲಿತಾಬಾಯಿಯೂ ಬಗ್ಗಿ ನಿಂತಳು. ಫರಹತ ದನಿ ಪೂರ್ತಿ ಏರಿಸಿ ಹಚ್ಚಿದಳು.

ಮೊದಲು ಡ್ರಮ್ಮು, ಚೊಕ್ಕವಾಗಿ. ಆಮೇಲೆ ಹಗ್ಗ ಕಳಚಿದ ಸದ್ದು, ಹೆಜ್ಜೆಗಳು. ಆಮೇಲೆ ಮಂಚ ಕಿರುಗುಟ್ಟಿತು. ಎರಡು ಬೆರಳಿನ ದೂರದಲ್ಲಿದ್ದ ಮೈಕು ತನ್ನ ಕೆಲಸವನ್ನು ಅಂದವಾಗಿ ಮಾಡಿತ್ತು: ರೊಟ್ಟಿ ಹರಿದದ್ದು ಕೇಳಿಸಿತು, ಜಗಿದದ್ದು ಕೇಳಿಸಿತು, ನುಂಗಿದ್ದು ಕೂಡ ಕೇಳಿಸಿತು. ಮನೆಯಲ್ಲಿ ಅಂದು ಅಷ್ಟು ಸ್ವಚ್ಛವಾಗಿ ರೆಕಾರ್ಡ್ ಆದದ್ದು ಇನ್ನೊಂದಿಲ್ಲ. ನಡುವೆ ಗನಿಸಾಬರ ದನಿ. ತಮ್ಮ ದನಿ ತಮಗೇ ಕೇಳಿಸದವರು ಪಿಸುಗುಟ್ಟಿದರೂ ಅದು ಮೈದಾನದ ಪಿಸುಮಾತು.

"ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲ," ಎನ್ನುತ್ತಿದ್ದರು ಅವರು ರೊಟ್ಟಿಗೆ. "ನೀ ಅಲ್ಲಿ ಕುಂತಿ ಅಂದ್ರ ನನಗ ನನ್ನ ಮಗಳು ಕೇಳಸಂಗಿಲ್ಲ. ಕೈ ಹಾರೋದು ಕಾಣಸ್ತದ, ಅಷ್ಟೇ. ಮತ್ತ ನಾ ಏನ್ ಮಾಡ್ಲಿ, ನೀನೇ ಹೇಳು." ಸ್ವಲ್ಪ ಹೊತ್ತು ಜಗಿದ ಸದ್ದು. "ಜರಾ ಶೇಂಗಾ ಹಿಂಡಿ ಇದ್ದಿದ್ರ ಛಲೋ ಇತ್ತು."

ಫೋನಿನ ಸಣ್ಣ ದನಿ ಗನಿಸಾಬರ ಕಿವಿಯ ಹೊಸ್ತಿಲವರೆಗೂ ಬಂದಿರಲಿಲ್ಲ. ಮೂವರು ಹೆಂಗಸರೂ ಅಷ್ಟು ಗಮನವಿಟ್ಟು ಕೇಳುತ್ತಿರುವುದನ್ನು ಕಂಡು, ಮಗಳ ಡ್ರಮ್ಮೇ ಇರಬೇಕೆಂದು ತಿಳಿದು, ದೊಡ್ಡ ಉಸ್ತಾದನಂತೆ ತಲೆದೂಗಿದರು.

"ಕೈ ಭಾಳ ಸಾಫ್ ಬಂದದ," ಎಂದರು. "ಆದ್ರ ಸಣ್ಣ ಪೆಟ್ಟು ನುಂಗ್ಯಾಳ."

ಲಲಿತಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು, ಬೆನ್ನು ಕುಣಿಯುತ್ತಿತ್ತು. ಫರಹತ ನಗುತ್ತಲೇ ಅಳುತ್ತಿದ್ದಳು. ಮೂವರ ಕಣ್ಣು ಈಗ ಫೋನಿನ ಮೇಲಿಲ್ಲ, ತನ್ನ ಮೇಲಿದೆ ಎಂಬುದು ಗನಿಸಾಬರಿಗೆ ನಿಧಾನವಾಗಿ ಹೊಳೆಯಿತು. ರೊಟ್ಟಿ ತಿನ್ನುವಾಗ ಕೌದಿಯ ಸಂದಿಯಿಂದ ಫೋನಿನ ಕೆಂಪು ಚುಕ್ಕೆ ಕಂಡಿತ್ತು, ಚಾರ್ಜಿನ ದೀಪ ಇರಬೇಕೆಂದು ಬಿಟ್ಟಿದ್ದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಯಾರೆಂದು ಕಾಂಪೌಂಡಿನ ಮೇಲಿನ ಬೆಕ್ಕಿಗೂ ಗೊತ್ತಾಗಿತ್ತು. ಅವರು ತಲೆ ತಗ್ಗಿಸಿ ಕೂತರು. ಬಹಳ ನಾಚಿಕೆಯಾಯಿತು.

ಆಶಾಬಿ ಹೋಗಿ ಎದುರಿಗೆ ಕೂತು, ಗದ್ದ ಎತ್ತಿ, ತುಟಿ ಕಾಣುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಆರು ವರ್ಷದಿಂದ ನನಗ ಗೊತ್ತದ. ಊಟಕ್ಕ ನಿಮಗ ಬಾಯಿಲೆ ಕರದೀನೇನು ನಾ? ಫರಸಿ ಮ್ಯಾಲ ಸೌಟು ಬಡೀತೀನಿ."

ಗನಿಸಾಬರು ಈ ಆರು ವರ್ಷ ದಿನಕ್ಕೆರಡು ಸಲ ಹೆಂಡತಿಗೆ ಯಾವುದೋ ಸಿಟ್ಟು ಬಂದಿದೆಯೆಂದು ತಿಳಿದು, ಅಂಜಿಕೊಂಡೇ ಊಟಕ್ಕೆ ಬಂದು, ಉಪ್ಪು ಕಡಿಮೆಯಿದ್ದರೂ ಬಾಯಿ ಬಿಡದೆ ಎದ್ದು ಹೋಗಿದ್ದರು. ಎಷ್ಟು ಸಪ್ಪೆ ಸಾರು ಸುಮ್ಮನೆ ಉಂಡೆನಲ್ಲ ಎಂದು ಅವರಿಗೆ ಮೊದಲು ಅನ್ನಿಸಿದ್ದು. ಈ ವಾರ ಕಳೆಯಲಿ, ಕಲಬುರಗಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸುವುದು ಖಂಡಿತ ಎಂದು ಆಶಾಬಿ ಅಲ್ಲೇ ತೀರ್ಪು ಕೊಟ್ಟಳು. ಅವರು ತಲೆಯಾಡಿಸಿದರು. ಈ ಸಲ ಕೇಳಿಸಿಯೇ ಆಡಿಸಿದ್ದು.

ಮೂರು ಮುಕ್ಕಾಲು. ಲಲಿತಾಬಾಯಿ ನಾಲ್ಕನೆಯ ರೊಟ್ಟಿಯನ್ನು ಡ್ರಮ್ಮಿನ ಮೇಲೆ ಇಡಲು ಬಂದಳು. ಫರಹತ ಬೇಡವೆಂದಳು. ಅಬ್ಬಾನ ಕೈ ಹಿಡಿದು ಮಂಚದಿಂದ ಎಬ್ಬಿಸಿ ಡ್ರಮ್ಮಿನ ಪಕ್ಕದಲ್ಲಿ ಕೂರಿಸಿದಳು. ಅವರ ಬಲಗೈಯ ಎರಡು ಬೆರಳನ್ನು ಹಿಡಿದು, ರೊಟ್ಟಿ ಮಲಗುತ್ತಿದ್ದ ಜಾಗದಲ್ಲೇ ಅಂಚಿನ ಹತ್ತಿರ ಮೆಲ್ಲಗೆ ಊರಿದಳು. ಆಮೇಲೆ ಅವರ ಕಿವಿಗೆ ಬಾಯಿಟ್ಟು ಹೇಳಿದಳು.

"ರೊಟ್ಟಿ ತಿಂದವ್ರು ರೊಟ್ಟಿ ಕೆಲಸ ಮಾಡ್ಬೇಕು, ಅಬ್ಬಾ. ಭಾಳ ಒತ್ತಬ್ಯಾಡ್ರಿ, ತೆಗೀಬ್ಯಾಡ್ರಿ."

ಬಾಗಿಲು ಹಾಕಿದರು. ಪಕ್ಕದ ಮನೆಯ ಎಂಟು ಕೈಗಳು ಮತ್ತೆ ಗಾಳಿಯಲ್ಲಿ ನಿಂತವು. ಫರಹತ ಕಡ್ಡಿ ಎತ್ತಿದಳು.

ಮೊದಲ ಪೆಟ್ಟು ಬೆರಳ ತುದಿಗೆ ಬಂತು. ಎರಡನೆಯದೂ ಬಂತು. ಗನಿಸಾಬರ ಕಿವಿಗೆ ಬಾರದ್ದೆಲ್ಲ ಬೆರಳಿಗೆ ಬರುತ್ತಿತ್ತು. ದೊಡ್ಡ ಪೆಟ್ಟು ಮೊಣಕೈವರೆಗೆ ಏರಿತು. ಅದರ ಹಿಂದೆಯೇ, ಇರುವೆ ಸಾಲು ಹರಿದಂತೆ, ಸಣ್ಣ ಪೆಟ್ಟುಗಳು ಬಂದವು. ಒಂದೂ ಬಿಟ್ಟಿರಲಿಲ್ಲ. ತಾವು ಕಲಿಸಿದವು ಎಲ್ಲ ಇದ್ದವು. ಕಲಿಸದೆ ಇದ್ದವೂ ಕೆಲವು ನಡುವೆ ಸೇರಿಕೊಂಡಿದ್ದವು, ತಮಗೆ ಎಂದೂ ಕೈಗೆ ಹತ್ತದಿದ್ದಂಥವು. ಈ ಹುಡುಗಿ ಆರು ವರ್ಷ ಒಂದನ್ನೂ ನುಂಗದೆ ಬಾರಿಸಿ, ದಿನಾ ಬೈಸಿಕೊಂಡು, ಮರುದಿನ ಮತ್ತೆ ಬಂದು ತನ್ನೆದುರು ಕೂತಿದ್ದಳು. ಅವರ ಕಣ್ಣು ತುಂಬಿತು. ಒರೆಸಿಕೊಳ್ಳಲು ಎಡಗೈ ಇತ್ತು. ಬಲಗೈ ತೆಗೆಯುವಂತಿರಲಿಲ್ಲ, ತೆಗೆಯಲಿಲ್ಲ.

ನಾಲ್ಕಕ್ಕೆ ನಾಲ್ಕು ನಿಮಿಷವಿರುವಾಗ ರೆಕಾರ್ಡು ಹೈದರಾಬಾದಿಗೆ ಹೋಯಿತು. ಲಲಿತಾಬಾಯಿ ಉಳಿದ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ತಟ್ಟೆಯಲ್ಲಿಟ್ಟು ಗನಿಸಾಬರ ಮುಂದೆ ತಂದಳು. ಅವರು ಅದನ್ನು ನೋಡಲೂ ಆಗದೆ ಮುಖ ತಿರುಗಿಸಿದರು.

ಕಾಲು ಗಂಟೆಯಲ್ಲಿ ಉತ್ತರ ಬಂತು. ಫರಹತ ಓದಿ ಹೇಳುವ ಬದಲು ಫೋನನ್ನೇ ಅಬ್ಬಾನ ಕೈಗೆ ಕೊಟ್ಟಳು. ಠಣ್ ಪೂರ್ತಿ ಹೋಗಿದೆ, ಸಣ್ಣ ಪೆಟ್ಟೂ ಕಣ್ಣಿಗೆ ಕಾಣುವಂತಿದೆ, ಗುರುವಾರ ಸ್ಟುಡಿಯೋಗೆ ಬನ್ನಿ ಎಂದು ಅಲ್ಮಾಸ್ ಮೇಡಂ ಬರೆದಿದ್ದರು. ಡ್ರಮ್ಮಿನ ಮೇಲೆ ಇಟ್ಟದ್ದು ಯಾವ ಕಂಪನಿಯದು, ಎಷ್ಟು ಹುಡುಕಿದರೂ ನಮಗೆ ಇಂಥದ್ದು ಸಿಕ್ಕಿಲ್ಲ, ಬರುವಾಗ ಅದನ್ನೂ ಮರೆಯದೆ ತೆಗೆದುಕೊಂಡು ಬನ್ನಿ ಎಂದು ಕೆಳಗೆ ಇನ್ನೆರಡು ಸಾಲು ಇತ್ತು.

ಗನಿಸಾಬರು ಅದನ್ನು ಎರಡು ಸಲ ಓದಿದರು. ಎದ್ದು ಹೋಗಿ, ಪೆಟ್ಟಿಗೆಯ ತಳದಿಂದ ಹಿತ್ತಾಳೆ ಗುಂಡಿಯ ಬ್ಯಾಂಡಿನ ಕೋಟು ತೆಗೆದು, ಇಸ್ತ್ರಿ ಮಾಡೆಂದು ಆಶಾಬಿಯ ಕೈಗೆ ಕೊಟ್ಟರು. ಗುರುವಾರದ ಬುತ್ತಿಗೆ ರೊಟ್ಟಿ ಎಷ್ಟು ಕಟ್ಟಲಿ ಎಂದು ಲಲಿತಾಬಾಯಿ ಕೇಳಿದಳು. ಆಶಾಬಿ ಫರಸಿಯ ಮೇಲೆ ಸೌಟಿನಿಂದ ಒಂದು ಪೆಟ್ಟು ಕೊಟ್ಟು, ಗಂಡ ತಿರುಗಿ ನೋಡಿದ ಮೇಲೆ, ಅವರಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದಳು.

"ಇವ್ರಿಗಿ ಅನ್ನ ಕಟ್ಟೂಣು. ರೊಟ್ಟಿ ಈಗ ಇವ್ರ ಜ್ವಾಡಿ ಕೆಲಸದವ ಆದ, ಅವನ್ನ ಹ್ಯಾಂಗ ತಿಂತಾರ?"